ಏನೂ ಬರೆಯದ ಬಿಳಿ ಹಾಳೆ: ಕೊರಿಯದಲ್ಲಿ ಏಳು ದಿನ

ಮೊದಲ ದಿನ: ಸೋಲ್

ನನ್ನ ಅಜ್ಜಿ ವರ್ಷಕ್ಕೆ ಒಂದು ರಾತ್ರಿ ಮಾತ್ರ ಜೋರಾಗಿ ಮಾತಾಡುತ್ತಿದ್ದರು. ಕವತ್ತಾರಿನ ಸಿರಿ ಜಾತ್ರೆಯ ಹುಣ್ಣಿಮೆ ರಾತ್ರಿ ಅದು. ಬಿಳಿ ಸೀರೆ, ಬಿಚ್ಚಿದ ಕೂದಲು, ಎರಡೂ ಕೈಯಲ್ಲಿ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು. ಸುತ್ತ ಹಾಗೆಯೇ ಕುಳಿತ ನೂರಾರು ಹೆಂಗಸರು. ಮೈ ನಡುಗಲು ಶುರುವಾದರೆ ಅಜ್ಜಿ ಸಿರಿಯಾಗುತ್ತಿದ್ದರು, ತುಳುನಾಡಿನ ಹಾಡುಕತೆಯ ದೈವ ಸಿರಿ. ಪ್ರಶ್ನೆ ಕೇಳುತ್ತಿದ್ದರು, ಗದರಿಸುತ್ತಿದ್ದರು, ಅಳುತ್ತಿದ್ದರು. ಎದುರಿಗೆ ಕುಳಿತ ಗಂಡಸರು ತಲೆ ಬಗ್ಗಿಸಿ ಕೇಳುತ್ತಿದ್ದರು. ಬೆಳಗಾದ ಮೇಲೆ ಅದೇ ಅಜ್ಜಿ ಒಲೆ ಮುಂದೆ ಮೆಲ್ಲಗೆ, ಬೇಕೋ ಬೇಡವೋ ಅನ್ನುವ ಹಾಗೆ ಮಾತಾಡುತ್ತಿದ್ದರು.

ಆ ಎರಡು ದನಿಗಳು ನನ್ನ ತಲೆಯಿಂದ ಹೋಗಲೇ ಇಲ್ಲ. ಮೈಮೇಲೆ ದೇವರು ಬಂದು ಹೆಂಗಸರು ಮಾತಾಡುವ ಬೇರೆ ಊರುಗಳು ಯಾವುವು ಎಂದು ಹುಡುಕುತ್ತಾ ಹೋದೆ. ಹಾಗೆ ಬಂದು ನಿಂತದ್ದು ಕೊರಿಯಕ್ಕೆ.

ಹಾಸನದ ಗೆಳತಿಯೊಬ್ಬಳು ಸೋಲ್‌ನಲ್ಲಿ ಎಂಟು ವರ್ಷದಿಂದ ಇದ್ದಾಳೆ. ಇಂಚನ್ ವಿಮಾನ ನಿಲ್ದಾಣದಿಂದ ಅವಳ ಮನೆ ಸೇರುವಾಗ ಸಂಜೆ. ಬಿಸಿ ಸಾರು, ಅನ್ನ, ಕಿಮ್ಚಿ. ಊಟ ಮಾಡುತ್ತಲೇ ಅವಳು ಕೆಲವು ಪದ ಕಲಿಸಿದಳು. ದೇವರು ಮೈದುಂಬುವ ಹೆಂಗಸು ಮುದಾಂಗ್. ಅದು ಸ್ವಲ್ಪ ಕೀಳಾಗಿ ಕೇಳುತ್ತದೆ, ಎದುರಿಗೆ ಅನ್ನಬೇಡ ಅಂದಳು. ಮರ್ಯಾದೆಯ ಮಾತು ಮಾನ್‌ಶಿನ್. ಹತ್ತು ಸಾವಿರ ದೇವರು ಎಂದು ಅರ್ಥ. ಅವಳು ನಡೆಸುವ ಆರಾಧನೆ ಗುತ್. ಆ ಹೊತ್ತಲ್ಲಿ ಅವಳ ಬಾಯಿಂದ ಬರುವ ದೇವರ ನುಡಿ ಗೊಂಗ್ಸು.

"ನುಡಿ ಆಗೋದು ಅಂತೀವಲ್ಲ, ಅದೇ" ಅಂದಳು. ನಮ್ಮಿಬ್ಬರಿಗೂ ಬೇರೆ ವಿವರಣೆ ಬೇಕಾಗಲಿಲ್ಲ.

ಎರಡನೇ ದಿನ: ಇನ್ವಾಂಗ್ಸಾನ್ ಬೆಟ್ಟ

ಮೆಟ್ರೋದ ಮೂರನೇ ಲೈನಿನಲ್ಲಿ ದೋಂಗ್ನಿಮ್ಮುನ್ ನಿಲ್ದಾಣ. ಇಳಿದು ಅಪಾರ್ಟ್‌ಮೆಂಟ್‌ಗಳ ನಡುವೆ ಏರು ದಾರಿ. ಹತ್ತಿಪ್ಪತ್ತು ನಿಮಿಷ ಹತ್ತುವಷ್ಟರಲ್ಲಿ ನಗರದ ಸದ್ದು ಹಿಂದೆ ಉಳಿಯಿತು. ಬದಲಿಗೆ ಚಾಂಗ್ಗುವಿನ ಸದ್ದು ಕೇಳತೊಡಗಿತು. ನಡು ಸಣ್ಣಗಿರುವ, ನಮ್ಮ ಡಮರುವನ್ನು ಹಿಗ್ಗಿಸಿದ ಹಾಗಿರುವ ಮದ್ದಳೆ ಅದು.

ಗುಕ್ಸದಾಂಗ್ ಚಿಕ್ಕ ಗುಡಿ. ಹೆಂಚಿನ ಮಾಡು, ಮರದ ಬಾಗಿಲು. ಇದರ ಮೂಲ ಜಾಗ ಇದಲ್ಲ. ನಗರದ ದಕ್ಷಿಣಕ್ಕಿರುವ ನಾಮ್ಸಾನ್ ಬೆಟ್ಟದ ಮೇಲೆ ಇತ್ತು. ಜಪಾನೀಯರು ಆಳುತ್ತಿದ್ದಾಗ ಆ ಬೆಟ್ಟದ ಮೇಲೆ ತಮ್ಮ ದೊಡ್ಡ ಶಿಂಟೋ ದೇಗುಲ ಕಟ್ಟಿದರು. ಕೊರಿಯದ ಗುಡಿ ಅದಕ್ಕಿಂತ ಎತ್ತರದಲ್ಲಿ ಇರಬಾರದಲ್ಲ. ಹಾಗಾಗಿ 1925ರಲ್ಲಿ ಗುಡಿಯನ್ನು ಬಿಚ್ಚಿ ಈ ಕಡೆ ತಂದು ನಿಲ್ಲಿಸಬೇಕಾಯಿತು. ಜಪಾನೀಯರ ಆ ದೇಗುಲ ಈಗ ಇಲ್ಲ. ಇದು ಇದೆ.

ಒಳಗೆ ಯಾವುದೋ ಕುಟುಂಬದ ಗುತ್ ನಡೆಯುತ್ತಿತ್ತು. ಅದು ಅವರ ಮನೆಯ ವಿಷಯ, ಹೊರಗೆ ದೂರ ನಿಲ್ಲೋಣ, ಫೋಟೋ ಬೇಡ ಎಂದು ಗೆಳತಿ ಮೊದಲೇ ಹೇಳಿದ್ದಳು. ತೆರೆದ ಬಾಗಿಲಿನಿಂದ ಒಂದು ತುಂಡು ಮಾತ್ರ ಕಾಣುತ್ತಿತ್ತು. ಹಣ್ಣು, ರೊಟ್ಟಿ, ಅಕ್ಕಿಯ ಕಜ್ಜಾಯಗಳ ರಾಶಿ. ಗೋಡೆಯ ಮೇಲೆ ದೇವರ ಪಟಗಳು. ಮುಂದೆ ಸುಮಾರು ಐವತ್ತು ವರ್ಷದ ಹೆಂಗಸು. ಮೊದಲು ಅವಳು ಉದ್ದ ಲಂಗದಲ್ಲಿದ್ದಳು. ಆಮೇಲೆ ಅದರ ಮೇಲೆ ನೀಲಿ ಅಂಗಿ, ಅದರ ಮೇಲೆ ಕೆಂಪು ನಿಲುವಂಗಿ, ತಲೆಗೆ ಅಗಲ ಟೋಪಿ ಬಂತು. ಸೇನಾಪತಿ ದೇವರು ಬರುವ ಹೊತ್ತು ಅದು. 14ನೇ ಶತಮಾನದ ಚೋಯ್ ಯೋಂಗ್ ಎಂಬ ಸೇನಾಪತಿ ಇಲ್ಲಿ ದೊಡ್ಡ ದೇವರು. ಅವನು ರಾಜಕೀಯದಲ್ಲಿ ಸೋತು ಕೊಲೆಯಾದವನು. ಅನ್ಯಾಯವಾಗಿ ಸತ್ತವರು ದೈವವಾಗುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ ಅಲ್ವಾ?

ಅವಳು ಜಿಗಿಯತೊಡಗಿದಳು. ಎರಡು ಕಾಲೂ ಕೂಡಿಸಿ, ನೇರ ಮೇಲಕ್ಕೆ, ಮತ್ತೆ ಮತ್ತೆ. ಮದ್ದಳೆ, ಕಂಚಿನ ಜಾಗಟೆ, ತಾಳ ಎಲ್ಲ ಸೇರಿ ಎದೆಗೇ ಬಡಿಯುತ್ತಿತ್ತು. ಥಟ್ಟನೆ ನಿಂತಳು. ಬೇರೆಯದೇ ದನಿ ಬಂತು. ಒರಟು, ಅಧಿಕಾರದ ದನಿ. ಎದುರಿಗಿದ್ದ ಮನೆಯ ಹೆಂಗಸರು ಎರಡೂ ಕೈ ಉಜ್ಜುತ್ತಾ "ಹೌದು, ಹೌದು" ಅನ್ನುತ್ತಿದ್ದರು. ಆಮೇಲೆ ಐದು ಬಣ್ಣದ ಬಾವುಟಗಳ ಕೋಲುಗಳನ್ನು ಒಟ್ಟಿಗೆ ಸುತ್ತಿ ಹಿಡಿದಳು. ಒಬ್ಬೊಬ್ಬರೂ ಒಂದೊಂದು ಎಳೆದರು. ಕೆಂಪು ಬಂದರೆ ಒಳ್ಳೆಯದು. ವಯಸ್ಸಾದ ತಾಯಿಯೊಬ್ಬಳಿಗೆ ಕೆಂಪು ಬಂತು. ಅವಳು ಅತ್ತುಬಿಟ್ಟಳು.

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಅಜ್ಜಿಯ ನೆನಪು ಉಕ್ಕಿ ಬಂತು.

ಗುಡಿಯಿಂದ ಇನ್ನೂ ಮೇಲೆ ಸೊನ್‌ಬಾವಿ ಎಂಬ ಬಂಡೆ ಇದೆ. ಗಾಳಿ ಮಳೆಗೆ ಸವೆದು ತೂತು ತೂತಾಗಿದೆ. ನಿಲುವಂಗಿ ಹೊದ್ದ ಸನ್ಯಾಸಿಯ ಹಾಗೆ ಕಾಣುತ್ತದೆ. ಗಂಡು ಮಗು ಬೇಕೆಂದು ಹೆಂಗಸರು ತಲೆಮಾರುಗಳಿಂದ ಇಲ್ಲಿ ಬೇಡಿಕೊಂಡಿದ್ದಾರೆ. ನಾವು ಹೋದಾಗ ಕೋಟು ಹಾಕಿದ ಯುವತಿಯೊಬ್ಬಳು ಮೇಣದ ಬತ್ತಿ ಹಚ್ಚಿ ನೆಲಕ್ಕೆ ಹಣೆ ಮುಟ್ಟಿಸುತ್ತಿದ್ದಳು. ಎಷ್ಟು ಸಲ ಬಗ್ಗಿದಳೋ, ನಾವು ಇಳಿಯುವವರೆಗೂ ನಿಲ್ಲಿಸಿರಲಿಲ್ಲ.

ಮೂರನೇ ದಿನ: ಅರಮನೆ ಮತ್ತು ಒಂದು ಚಿಕ್ಕ ಕೋಣೆ

ಬೆಳಿಗ್ಗೆ ಗ್ಯೋಂಗ್‌ಬೊಕ್ ಅರಮನೆ. ಎಲ್ಲರೂ ನೋಡುವಂಥದ್ದೇ. ಆದರೆ ನನಗೆ ಅಲ್ಲಿ ಬೇಕಿದ್ದದ್ದು ಬೇರೆ ಕತೆ.

ಚೋಸನ್ ವಂಶ 1392ರಿಂದ ಐದು ಶತಮಾನ ಆಳಿತು. ಕನ್ಫ್ಯೂಷಿಯಸ್ ತತ್ವವೇ ಅದರ ಕಟ್ಟುಪಾಡು. ಹಿರಿಯರ ಪೂಜೆ ಗಂಡಸರ ಹಕ್ಕು. ಅದು ಶಾಂತವಾಗಿ, ಅಳತೆ ತಪ್ಪದೆ ನಡೆಯುತ್ತದೆ. ಹಿರಿಯರು ಅಲ್ಲಿ ಮಾತಾಡುವುದಿಲ್ಲ. ಮನೆಯ ಹೊಸ್ತಿಲು, ಒಲೆ, ಉಪ್ಪಿನ ಜಾಡಿಗಳ ಕಟ್ಟೆ, ಹೆರಿಗೆ ಕೊಡುವ ಸಮ್‌ಶಿನ್ ಅಜ್ಜಿ, ಇವೆಲ್ಲ ಹೆಂಗಸರ ಪಾಲು. ಮುದಾಂಗ್ ಬರುವುದು ಈ ಕಡೆಯಿಂದ. ಅವಳ ಗುತ್‌ನಲ್ಲಿ ಅದೇ ಹಿರಿಯರು ಬಂದು ಮಾತಾಡುತ್ತಾರೆ. ಹಸಿವು ಅನ್ನುತ್ತಾರೆ, ಸೊಸೆಯ ಮೇಲೆ ದೂರು ಹೇಳುತ್ತಾರೆ, ಮಗನನ್ನು ತಬ್ಬಿ ಅಳುತ್ತಾರೆ.

ಆಳುವವರು ಮುದಾಂಗ್‌ಗಳನ್ನು ಸಮಾಜದ ತೀರಾ ಕೆಳಗಿನ ಸಾಲಿಗೆ ಹಾಕಿದ್ದರು. ರಾಜಧಾನಿಯ ಗೋಡೆಯ ಒಳಗೆ ಇರಕೂಡದು ಎಂದು ಮತ್ತೆ ಮತ್ತೆ ಹೊರಗೆ ಅಟ್ಟಿದರು. ಜೊತೆಗೆ ಅವರಿಂದ ತೆರಿಗೆ ವಸೂಲಿ ಮಾಡಿದರು. ಬಡ ರೋಗಿಗಳ ಸರ್ಕಾರಿ ಆಸ್ಪತ್ರೆಯಲ್ಲಿ ಆರೈಕೆಗೆ ಅವರನ್ನೇ ಹಚ್ಚಿದರು. ಬರ ಬಂದಾಗ ಮಳೆಗಾಗಿ ಅವರನ್ನೇ ಕರೆದರು. ಕೊನೆಯ ಕಾಲದಲ್ಲಿ ರಾಣಿಯೇ ಒಬ್ಬ ಮುದಾಂಗ್‌ಗೆ ಜಿಲ್ಲ್ಯೋಂಗ್ಗುನ್ ಎಂಬ ಬಿರುದು ಕೊಟ್ಟಳು. 1882ರ ಸೈನಿಕರ ದಂಗೆಯಲ್ಲಿ ರಾಣಿ ಅರಮನೆ ಬಿಟ್ಟು ಅಡಗಿದ್ದಳು. ನೀನು ಮರಳುತ್ತೀಯೆ ಎಂದು ಧೈರ್ಯ ಹೇಳಿದವಳು ಆ ಮುದಾಂಗ್.

ಬೇಕು, ಆದರೆ ಪಕ್ಕದಲ್ಲಿ ಕೂರಕೂಡದು. ಆ ಅಂಗಳದಲ್ಲಿ ನಿಂತು ಇದನ್ನು ಕೇಳುವಾಗ ನನಗೆ ನಿಜವಾಗಿಯೂ ಸಿಟ್ಟು ಬಂತು.

ಅಲ್ಲೇ ಪಕ್ಕದ ಜಾನಪದ ಮ್ಯೂಸಿಯಂಗೆ ನಡೆಯುತ್ತಾ ಗೆಳತಿ ಇನ್ನೊಂದು ವಿಷಯ ಹೇಳಿದಳು. ಸೈಬೀರಿಯ, ಮಂಗೋಲಿಯಗಳ ಹಲವು ಜನಾಂಗಗಳಲ್ಲಿ ಗಂಡು ಶಾಮನನಿಗೆ, ಅಂದರೆ ದೇವರು ಮೈದುಂಬುವವನಿಗೆ, ಒಂದೊಂದು ಕಡೆ ಒಂದೊಂದು ಹೆಸರು. ಮಂಗೋಲರಿಗೆ ಅವನು ಬೊ, ಯಾಕೂತರಿಗೆ ಒಯೂನ್. ಆದರೆ ಹೆಣ್ಣು ಶಾಮನಿಗೆ ಉದಗನ್, ಉದಾಘನ್ ಎಂದು ಹೆಚ್ಚು ಕಡಿಮೆ ಒಂದೇ ಹೆಸರು. ಹಾಗಾಗಿ ಹೆಣ್ಣಿನ ಹೆಸರೇ ಹಳೆಯದು, ಈ ಜನ ಚದುರುವ ಮೊದಲಿನದು ಎಂದು ಕೆಲವು ವಿದ್ವಾಂಸರು ನಂಬುತ್ತಾರೆ. ಇತ್ತ ಒಕಿನಾವದಲ್ಲಿ, ಹಿಂದಿನ ರ್ಯುಕ್ಯು ರಾಜ್ಯದಲ್ಲಿ, ಇಡೀ ರಾಜ್ಯದ ಮುಖ್ಯ ಅರ್ಚಕಿ ಹೆಚ್ಚಾಗಿ ರಾಜನ ಅಕ್ಕನೋ ತಂಗಿಯೋ ಆಗಿರುತ್ತಿದ್ದಳು. ಅವನು ನಾಡು ಆಳಿದರೆ ಅವಳು ಅದನ್ನು ಕಾಯುವವಳು.

ಮಧ್ಯಾಹ್ನ ಒಬ್ಬ ಮಾನ್‌ಶಿನ್ ಮನೆಗೆ ಹೋದೆವು. ಗೆಳತಿಯ ಪರಿಚಯದವರು. ಬೀದಿಯಿಂದಲೇ ಗೊತ್ತಾಗುತ್ತದೆ: ಉದ್ದ ಬಿದಿರಿಗೆ ಬಿಳಿ, ಕೆಂಪು ಬಾವುಟ. ಎರಡನೇ ಮಹಡಿಯ ಚಿಕ್ಕ ಕೋಣೆ. ದೇವರ ಪಟಗಳು, ಹಿತ್ತಾಳೆಯ ಗಂಟೆಗಳ ಗೊಂಚಲು, ಮಕ್ಕಳ ದೈವಕ್ಕೆಂದು ಚಾಕೊಲೇಟು, ಆಟದ ಸಾಮಾನು. ಅವರು ನೆಲದ ಮೇಲೆ ಕುಳಿತು ಕಿತ್ತಳೆ ಸುಲಿದುಕೊಟ್ಟರು.

ತಮ್ಮ ಕತೆ ಹೇಳಿದರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಊಟ ಸೇರುತ್ತಿರಲಿಲ್ಲ. ನಿದ್ದೆ ಇಲ್ಲ. ಕನಸಿನಲ್ಲಿ ಬಿಳಿ ಗಡ್ಡದ ಅಜ್ಜ. ಡಾಕ್ಟರುಗಳು ಏನೂ ಇಲ್ಲ ಅಂದರು. ಇದಕ್ಕೆ ಇಲ್ಲಿ ಶಿನ್‌ಬ್ಯೋಂಗ್ ಅನ್ನುತ್ತಾರೆ. ದೇವರ ಬೇನೆ. ಒಪ್ಪಿಕೊಳ್ಳದೆ ಅದು ಬಿಡುವುದಿಲ್ಲ. ಒಪ್ಪಿಕೊಂಡರೆ ಇಡೀ ಜೀವನ ಬದಲಾಗುತ್ತದೆ. ಇವರು ಏಳು ವರ್ಷ ತಡೆದರಂತೆ. "ಯಾರಿಗೂ ಇದು ಬೇಡ. ನನ್ನ ಮಗಳಿಗೆ ಬರದೇ ಇರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ" ಅಂದರು.

ಕೊನೆಗೆ ಹಿರಿಯ ಮಾನ್‌ಶಿನ್ ಒಬ್ಬರು ನೇರಿಮ್ ಗುತ್ ನಡೆಸಿದರು. ದೇವರನ್ನು ಮೈಗೆ ಇಳಿಸಿಕೊಳ್ಳುವ ದೀಕ್ಷೆ ಅದು. ಅಂದಿನಿಂದ ಆ ಹಿರಿಯಳು ಶಿನ್‌ಒಮೊನಿ, ದೇವರು ಕೊಟ್ಟ ತಾಯಿ. ಇವರು ಶಿನ್‌ತಾಲ್, ದೇವರು ಕೊಟ್ಟ ಮಗಳು. ಹಾಡು, ಕುಣಿತ, ಎಡೆ ಇಡುವ ಕ್ರಮ, ಬಟ್ಟೆ ಮಡಿಸುವುದು ಎಲ್ಲವನ್ನೂ ಆ ತಾಯಿಯ ಜೊತೆಯೇ ಇದ್ದು ಕಲಿಯಬೇಕು. ವರ್ಷಗಟ್ಟಲೆ ಆಗುತ್ತದೆ. ದೇವರು ಮೈಗೆ ಬಂದರೆ ಸಾಲದು, ಬಂದ ದೇವರನ್ನು ಹೇಗೆ ನಿಲ್ಲಿಸಿ ಮಾತಾಡಿಸಬೇಕು ಅನ್ನುವುದು ಕೈಕೆಲಸ ಎಂದರು. ಗಂಡಸರಲ್ಲೂ ಮೈಗೆ ಬರುವವರು ಇದ್ದಾರೆ, ಅವರಿಗೆ ಬಾಕ್ಸು ಎಂದು ಹೆಸರು. ಅವರಲ್ಲಿ ಕೆಲವರು ಗುತ್‌ನಲ್ಲಿ ಹೆಂಗಸರ ಲಂಗವನ್ನೇ ತೊಡುತ್ತಾರೆ.

ಅವರಿಗೆ ಎಲ್ಲಕ್ಕಿಂತ ಪ್ರೀತಿಯ ಕತೆ ಯಾವುದು ಎಂದು ಕೇಳಿದೆ. "ಬಾರಿ" ಅಂದರು. ಸೋಲ್ ಕಡೆ ಸತ್ತವರನ್ನು ಕಳಿಸಿಕೊಡುವ ಗುತ್‌ನಲ್ಲಿ ಈ ಕತೆಯನ್ನು ಗಂಟೆಗಟ್ಟಲೆ ಹಾಡುತ್ತಾರೆ. ರಾಜನಿಗೆ ಆರು ಹೆಣ್ಣು. ಏಳನೆಯದೂ ಹೆಣ್ಣು. ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಡಿಸಿದ. ಬಾರಿ ಅಂದರೆ ಎಸೆದವಳು. (ನಮ್ಮಲ್ಲೂ ಸಾಲಾಗಿ ಹೆಣ್ಣು ಹುಟ್ಟಿದರೆ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಟ್ಟ ಮನೆಗಳಿವೆ.) ಮುದುಕ ಮುದುಕಿ ಅವಳನ್ನು ಸಾಕಿದರು. ಮುಂದೆ ರಾಜನಿಗೆ ಕಾಯಿಲೆ. ಸತ್ತವರ ಲೋಕದಾಚೆಯ ನೀರು ಬೇಕು. ಆರು ಹೆಣ್ಣುಮಕ್ಕಳೂ ಹೋಗಲ್ಲ ಅಂದರು. ಎಸೆದವಳು ಹೋದಳು. ನೀರು ಕಾಯುವವನಿಗೆ ಮೂರು ವರ್ಷ ನೀರು ಹೊತ್ತಳು, ಮೂರು ವರ್ಷ ಸೌದೆ ತಂದಳು, ಮೂರು ವರ್ಷ ಒಲೆ ಉರಿಸಿದಳು. ಅವನಿಗೆ ಏಳು ಗಂಡುಮಕ್ಕಳನ್ನು ಹೆತ್ತಳು. ನೀರು ತಂದಾಗ ಅಪ್ಪ ಅಮ್ಮನ ಚಟ್ಟ ಎದುರಾಯಿತು. ಅವರನ್ನು ಬದುಕಿಸಿದಳು. ರಾಜ ಅರ್ಧ ರಾಜ್ಯ ಕೊಡುತ್ತೇನೆ ಅಂದ. ಬೇಡ, ಸತ್ತವರಿಗೆ ದಾರಿ ತೋರಿಸುತ್ತೇನೆ ಅಂದಳು. ಮೊದಲ ಮುದಾಂಗ್ ಆದಳು.

"ಅವಳಿಗೆ ದಾರಿ ಗೊತ್ತು. ಯಾಕೆಂದರೆ ಅವಳನ್ನು ಒಮ್ಮೆ ಆ ಕಡೆಗೆ ಎಸೆದಿದ್ದರು" ಅಂದರು ಅವರು. ಕಿತ್ತಳೆ ಸಿಪ್ಪೆಯನ್ನು ಮಡಿಸಿಡುತ್ತಾ, ಸುಮ್ನೆ ಹೇಳಿದ ಹಾಗೆ.

ರಾತ್ರಿ ಗೆಳತಿ ಹೆಸರಾಂತ ಮಾನ್‌ಶಿನ್ ಕಿಮ್ ಗುಮ್‌ಹ್ವಾ ಅವರ ಬಗ್ಗೆ ಹೇಳಿದಳು. 1931ರಲ್ಲಿ ಈಗಿನ ಉತ್ತರ ಕೊರಿಯದ ಹ್ವಾಂಗ್‌ಹೇ ಪ್ರಾಂತ್ಯದಲ್ಲಿ ಹುಟ್ಟಿದವರು. 17ಕ್ಕೆ ದೀಕ್ಷೆ. ಕೊಟ್ಟವರು ತಾಯಿಯ ತಾಯಿ. ಕೊರಿಯ ಯುದ್ಧದ ಕಾಲದಲ್ಲಿ ದಕ್ಷಿಣಕ್ಕೆ ಬಂದರು. 1970ರ ದಶಕದಲ್ಲಿ ಸರ್ಕಾರದ ಹೊಸ ಹಳ್ಳಿ ಚಳವಳಿ ಮೂಢನಂಬಿಕೆ ಕಿತ್ತೊಗೆಯಿರಿ ಎಂದು ಹೊರಟಿತು. ಊರ ಗುಡಿಗಳನ್ನು ಕೆಡವಿದರು, ಗುತ್‌ಗಳನ್ನು ಪೊಲೀಸರು ನಿಲ್ಲಿಸಿದರು. ಅದೇ ಸರ್ಕಾರದ ವ್ಯವಸ್ಥೆ 1985ರಲ್ಲಿ ಅವರನ್ನು ನಾಡಿನ ಪರಂಪರೆಯನ್ನು ಉಳಿಸಿದವರು ಎಂದು ಗುರುತಿಸಿತು. ಮೀನುಗಾರರ ದೋಣಿ ಗುತ್ ಅವರ ವಿಶೇಷ. ಮೇವು ಕತ್ತರಿಸುವ ಹರಿತ ಅಲಗಿನ ಮೇಲೆ ಬರಿಗಾಲಲ್ಲಿ ನಿಂತು ನುಡಿ ಕೊಡುತ್ತಿದ್ದರು. 2019ರಲ್ಲಿ ತೀರಿಕೊಂಡರು.

ನಾಲ್ಕನೇ ದಿನ: ಜೇಜು ದ್ವೀಪಕ್ಕೆ

ವಿಮಾನದಲ್ಲಿ ಒಂದು ಗಂಟೆ. ಇಳಿದ ಕೂಡಲೇ ಗಾಳಿ. ಸಾಮಾನ್ಯ ಗಾಳಿಯಲ್ಲ, ಛತ್ರಿ ಹಿಡಿಯುವ ಮಾತೇ ಇಲ್ಲ. ಹೋಟೆಲಿನ ಹೆಂಗಸು ನಗುತ್ತಾ "ಅಜ್ಜಿ ಬಂದಿದ್ದಾಳೆ" ಅಂದಳು.

ಅಜ್ಜಿ ಅಂದರೆ ಯೋಂಗ್‌ದುಂಗ್ ಹಲ್ಮಾಂಗ್, ಗಾಳಿಯ ದೇವಿ. ಚಾಂದ್ರಮಾನದ ಎರಡನೇ ತಿಂಗಳ ಮೊದಲ ದಿನ ಜೇಜುವಿಗೆ ಬರುತ್ತಾಳೆ. ದ್ವೀಪ ಸುತ್ತಿ 15ನೇ ದಿನ ಪೂರ್ವದ ಊದೋ ದ್ವೀಪದ ಕಡೆಯಿಂದ ಹೊರಡುತ್ತಾಳೆ. ಅವಳು ಇರುವಷ್ಟು ದಿನ ಸಮುದ್ರಕ್ಕೆ ಇಳಿಯಬಾರದು. ಬಟ್ಟೆ ಒಗೆದರೂ ಹುಳ ಆಗುತ್ತದೆ ಅನ್ನುತ್ತಾರೆ. ಈ ದಿನಗಳಲ್ಲಿ ಬಂಡೆಯ ಶಂಖದ ಹುಳುಗಳೆಲ್ಲ ಟೊಳ್ಳು, ಯಾಕೆಂದರೆ ಅಜ್ಜಿ ತಿಂದು ಮುಗಿಸಿರುತ್ತಾಳೆ. ಹೋಗುವಾಗ ಮಾತ್ರ ಹೊಸ ಬೀಜ ಬಿತ್ತಿ ಹೋಗುತ್ತಾಳೆ. ಕೊರಿಯದಲ್ಲಿ ಇನ್ನೊಂದು ಮಾತಿದೆ: ಅವಳು ಮಗಳನ್ನು ಕರೆತಂದರೆ ಹವೆ ಚೆನ್ನಾಗಿರುತ್ತದೆ, ಸೊಸೆಯನ್ನು ಕರೆತಂದರೆ ಮಳೆ ಬಿರುಗಾಳಿ.

ಈ ಸಲ ಸೊಸೆಯೇ ಇರಬೇಕು. ಸಂಜೆಯೆಲ್ಲ ಮಳೆ. ಕೋಣೆಯಲ್ಲೇ ಕುಳಿತೆವು.

ಐದನೇ ದಿನ: ವಾಹುಲ್, ಮತ್ತು ಒಂದು ಬಿಳಿ ಕಲ್ಲು

ಜೇಜುವಿನಲ್ಲಿ ಮುದಾಂಗ್ ಅನ್ನುವುದಿಲ್ಲ, ಶಿಂಬಾಂಗ್ ಅನ್ನುತ್ತಾರೆ. ಇಲ್ಲಿ ದೇವರ ಬೇನೆಗಿಂತ ವಂಶ, ಕಲಿಕೆ ಮುಖ್ಯ. ಗಂಡು ಶಿಂಬಾಂಗ್‌ಗಳೂ ಇದ್ದಾರೆ, ಹೆಣ್ಣು ಶಿಂಬಾಂಗ್‌ಗಳೂ ಇದ್ದಾರೆ. ಮೆಂಗ್ದು ಎಂಬ ಸಲಕರಣೆಗಳು, ಅಂದರೆ ಕತ್ತಿ, ಗಂಟೆ, ಶಕುನದ ಬಟ್ಟಲುಗಳು, ಒಬ್ಬರಿಂದ ಒಬ್ಬರಿಗೆ ಬರುತ್ತವೆ. ಮೆಂಗ್ದು ಇಲ್ಲದೆ ಶಿಂಬಾಂಗ್ ಇಲ್ಲ. ಅವರ ಮೂಲದ ಕತೆಯಲ್ಲೂ ಒಬ್ಬ ತಾಯಿ ಇದ್ದಾಳೆ. ಅವಳ ಮೂವರು ಮಕ್ಕಳು ರಾಜನ ಪರೀಕ್ಷೆ ಪಾಸಾದರು. ಸನ್ಯಾಸಿಗೆ ಹುಟ್ಟಿದವರು ಎಂದು ಪದವಿ ಕಿತ್ತುಕೊಂಡರು. ತಾಯಿಯನ್ನು ಸೆರೆಗೆ ಹಾಕಿದರು. ತಾಯಿಯನ್ನು ಬಿಡಿಸಲು ಮಕ್ಕಳು ಪದವಿಯ ಆಸೆ ಬಿಟ್ಟು ಮದ್ದಳೆ ಹಿಡಿದರು. ಮೊದಲ ಗುತ್ ನಡೆದದ್ದು ಹಾಗೆ.

ಮಳೆ ನಿಂತಿತ್ತು. ಬಸ್ಸಿನಲ್ಲಿ ವಾಹುಲ್ ಎಂಬ ಹಳ್ಳಿಗೆ ಹೋದೆವು. ಊರ ದೇವರ ಜಾಗದಲ್ಲಿ ಗುಡಿ ಇಲ್ಲ. ಕಪ್ಪು ಕಲ್ಲಿನ ಪೌಳಿ, ಒಳಗೆ ಮುದಿ ಮರ. ಮರದ ಕೊಂಬೆಗಳಲ್ಲಿ ಬಣ್ಣದ ಬಟ್ಟೆಗಳು, ಮತ್ತೆ ಬಿಳಿ ಹಾಳೆಗಳು. ಮಡಿಸಿ ಕಟ್ಟಿದ ಬಿಳಿ ಹಾಳೆಗಳು. ಮಳೆಗೆ ನೆನೆದು ಕೆಲವು ಕೊಂಬೆಗೆ ಅಂಟಿಕೊಂಡಿದ್ದವು.

ಏನು ಬರೆದಿದೆ ಎಂದು ಕೇಳಿದೆ. ಏನೂ ಇಲ್ಲ, ಅಂದಳು ಗೆಳತಿ.

ಹೆಂಗಸರು ಈ ಹಾಳೆಯನ್ನು ಎದೆಗೆ ಒತ್ತಿ ಹಿಡಿದು ಮನಸ್ಸಿನಲ್ಲಿ ಇರುವುದೆಲ್ಲ ಹೇಳಿಕೊಳ್ಳುತ್ತಾರೆ. ಆಮೇಲೆ ಕೊಂಬೆಗೆ ಕಟ್ಟುತ್ತಾರೆ. ಹಿಂದೆ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಎದೆಯಿಂದ ಹಾಳೆಗೆ ಇಳಿದದ್ದನ್ನು ದೇವಿ ಓದಿಕೊಳ್ಳುತ್ತಾಳೆ ಎಂಬ ನಂಬಿಕೆ. ಅಲ್ಲಿ ನಿಂತವಳಿಗೆ ನನಗೆ ಮಾತೇ ಹೊರಡಲಿಲ್ಲ. ನನ್ನ ಅಜ್ಜಿಗೂ ಓದು ಬರುತ್ತಿರಲಿಲ್ಲ. ಪಡಿತರ ಚೀಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು.

ಮಧ್ಯಾಹ್ನ ಏಪ್ರಿಲ್ 3ರ ಶಾಂತಿ ಉದ್ಯಾನಕ್ಕೆ ಹೋದೆವು. ಹೂ ಬಿಡುವ ಸುಂದರ ದ್ವೀಪ ಎಂದು ಮಾತ್ರ ಜೇಜುವನ್ನು ತಿಳಿದವರು ಇಲ್ಲಿಗೆ ಹೋಗಲೇಬೇಕು. 1948ರ ಏಪ್ರಿಲ್ 3ರಂದು ಇಲ್ಲಿ ದಂಗೆ ಎದ್ದಿತು. ಅದನ್ನು ಅಡಗಿಸುವ ಹೆಸರಿನಲ್ಲಿ ಸೈನ್ಯ, ಪೊಲೀಸರು, ಅವರ ಜೊತೆಯ ಗುಂಪುಗಳು ಹಳ್ಳಿ ಹಳ್ಳಿಗಳನ್ನೇ ಸುಟ್ಟವು. ಸತ್ತವರು 25,000ದಿಂದ 30,000 ಎಂಬ ಅಂದಾಜಿದೆ. ಅಂದರೆ ದ್ವೀಪದ ಸುಮಾರು ಹತ್ತರಲ್ಲಿ ಒಬ್ಬರು. ವಾಹುಲ್‌ಗೆ ದೂರವಲ್ಲದ ಬುಕ್‌ಚೊನ್ ಎಂಬ ಊರಿನಲ್ಲಿ 1949ರ ಜನವರಿ 17ರಂದು ಒಂದೇ ದಿನ ಸುಮಾರು 300 ಜನರನ್ನು ಕೊಂದರು.

ಆಮೇಲೆ ದಶಕಗಟ್ಟಲೆ ಅದರ ಬಗ್ಗೆ ಬಾಯಿ ಬಿಡುವ ಹಾಗಿರಲಿಲ್ಲ. ಸತ್ತವನ ಮನೆಯವರು ಅಂದರೆ ಕೆಲಸ ಸಿಗದು. ಅಪ್ಪ ಎಲ್ಲಿ ಸತ್ತ ಎಂದು ಮಗ ಕೇಳುವಂತಿಲ್ಲ, ತಾಯಿ ಹೇಳುವಂತಿಲ್ಲ. 2000ದಲ್ಲಿ ಸತ್ಯ ಹುಡುಕಲು ಕಾನೂನು ಬಂತು. 2003ರಲ್ಲಿ ಅಧ್ಯಕ್ಷ ರೋ ಮೂ ಹ್ಯೊನ್ ಕ್ಷಮೆ ಕೇಳಿದರು. ಅಲ್ಲಿಯವರೆಗಿನ ಐವತ್ತು ವರ್ಷ ಈ ಮಾತುಗಳು ಎಲ್ಲಿದ್ದವು?

ಗುತ್‌ನಲ್ಲಿದ್ದವು. ಮನೆಯ ಒಳಗೆ, ರಾತ್ರಿ ಹೊತ್ತು, ಶಿಂಬಾಂಗ್ ಸತ್ತವರನ್ನು ಕರೆಯುತ್ತಿದ್ದರು. ಸತ್ತವನು ಶಿಂಬಾಂಗ್ ಬಾಯಲ್ಲಿ ಅಳುತ್ತಿದ್ದ. ಎಲ್ಲಿಗೆ ಕರೆದುಕೊಂಡು ಹೋದರು, ಹೇಗೆ ಹೊಡೆದರು, ಎಲ್ಲಿ ಹೂತರು ಎಂದು ಹೇಳುತ್ತಿದ್ದ. ಮನೆಯ ಹೆಂಗಸರೂ ಜೊತೆಗೆ ಅಳುತ್ತಿದ್ದರು. ಹೇಳಿದ್ದು ಸತ್ತವನು ತಾನೆ, ಬದುಕಿದವರನ್ನು ಹಿಡಿದು ಕೇಳುವುದು ಏನನ್ನು? ಬೀದಿಯಲ್ಲಿ ಆಡಿದರೆ ಅಪರಾಧವಾಗುವ ಮಾತನ್ನು ಒಬ್ಬ ಹೆಂಗಸು ಮೈತುಂಬಿ ಆಡಿದರೆ ಅದು ಪೂಜೆಯಾಗುತ್ತಿತ್ತು. ಇದನ್ನು ಮೂಢನಂಬಿಕೆ ಅಂದವರಿಗೆ ನಾನು ಏನು ಹೇಳಲಿ? ಒಂದು ದ್ವೀಪದ ನೆನಪನ್ನು ಉಳಿಸಿದ ಜನ ಇವರು.

ಉದ್ಯಾನದ ಸ್ಮಾರಕ ಭವನದ ಒಳಗೆ ಒಂದು ಬಿಳಿ ಕಲ್ಲನ್ನು ಮಲಗಿಸಿದ್ದಾರೆ. ದೊಡ್ಡ ಶಿಲಾಶಾಸನದ ಕಲ್ಲು. ಅದರ ಮೇಲೂ ಏನೂ ಬರೆದಿಲ್ಲ. ನಡೆದದ್ದಕ್ಕೆ ಸರಿಯಾದ ಹೆಸರು ಇನ್ನೂ ಸಿಕ್ಕಿಲ್ಲ, ಸಿಕ್ಕ ದಿನ ಕೆತ್ತಿ ಎದ್ದು ನಿಲ್ಲಿಸುತ್ತೇವೆ ಎಂದು ಹಾಗೆ ಬಿಟ್ಟಿದ್ದಾರೆ.

ಬೆಳಿಗ್ಗೆ ನೋಡಿದ ಹಾಳೆ ಕಣ್ಣ ಮುಂದೆಯೇ ಇತ್ತು. ನಾವಿಬ್ಬರೂ ಬಸ್ಸು ಹತ್ತುವವರೆಗೆ ಮಾತಾಡಲಿಲ್ಲ.

ಆರನೇ ದಿನ: ಸೋಂಗ್ದಾಂಗ್

ಇವತ್ತು ಚಾಂದ್ರಮಾನದ ಎರಡನೇ ತಿಂಗಳ 13. ಸೋಂಗ್ದಾಂಗ್ ಹಳ್ಳಿಯ ದೇವಿಗೆ ವರ್ಷದ ನಾಲ್ಕು ಪೂಜೆಗಳಲ್ಲಿ ಒಂದು. ಬಸ್ಸು ತಪ್ಪಿ ತಡವಾಗಿ ಹೋದೆವು. ಹೆಂಗಸರು ಬಿದಿರಿನ ಬುಟ್ಟಿಗಳಲ್ಲಿ ಅನ್ನ, ಮೀನು, ಹಣ್ಣು ಹೊತ್ತು ತಂದು ಸಾಲಾಗಿ ಇಟ್ಟಿದ್ದರು. ಶಿಂಬಾಂಗ್ ಒಬ್ಬೊಬ್ಬ ಮನೆಯ ಹೆಂಗಸಿಗೂ ಅಕ್ಕಿ ಕಾಳು ಹೆಕ್ಕಿ ಎಣಿಸಿ ವರ್ಷದ ಭವಿಷ್ಯ ಹೇಳುತ್ತಿದ್ದರು. ಪರೀಕ್ಷೆ ಬರೆಯುವ ಮೊಮ್ಮಗ, ಸೋಲ್‌ನಲ್ಲಿರುವ ಮಗ, ಮಂಡಿ ನೋವು.

ಇಲ್ಲಿನ ದೇವಿ ಬೇಕ್ಜು. ಜೇಜುವಿನ ಊರ ದೇವರುಗಳಿಗೆಲ್ಲ ತಾಯಿಯಂತೆ. ಅವಳ ಕತೆ ಕೇಳಿ. ಗಂಡ ಸೋಚನ್‌ಗುಕ್ ಬೇಟೆಗಾರ. ಮಕ್ಕಳು ಜಾಸ್ತಿಯಾದರು, ಉಳುಮೆ ಮಾಡು ಅಂದಳು. ಒಂಬತ್ತು ಮಡಕೆ ಅನ್ನ, ಒಂಬತ್ತು ಮಡಕೆ ಸಾರು ಹೊಲಕ್ಕೆ ಹೊತ್ತಳು. ಅದನ್ನು ದಾರಿಹೋಕ ಸನ್ಯಾಸಿ ತಿಂದ. ಹಸಿದ ಗಂಡ ಉಳುವ ಎತ್ತನ್ನೇ ಸುಟ್ಟು ತಿಂದ. ಸಾಲದೆ ಪಕ್ಕದ ಹೊಲದವರ ಎತ್ತನ್ನೂ ತಿಂದ. ನಮ್ಮದು ತಿಂದದ್ದು ಸರಿ, ಬೇರೆಯವರದು ತಿಂದರೆ ಕಳ್ಳತನ, ಇನ್ನು ಜೊತೆಗೆ ಬಾಳುವುದಿಲ್ಲ ಎಂದು ಅವಳು ಮನೆ ಬೇರೆ ಮಾಡಿದಳು. ಇಂದಿಗೂ ಅವಳ ಜಾಗ ಊರ ಮೇಲೆ, ಅವನದು ಊರ ಕೆಳಗೆ.

ಕತೆ ಕೇಳುತ್ತಿದ್ದ ಹಾಗೆ ನನಗೆ ಸಿರಿ ನೆನಪಾದಳು. ಅವಳೂ ಗಂಡ ಕಾಂತು ಪೂಂಜನಿಗೆ ಬರ ಹೇಳಿ, ಅಂದರೆ ಬಿಡುಗಡೆ ಪಡೆದು, ಕೂಸು ಎತ್ತಿಕೊಂಡು ಬಸ್ರೂರಿನ ಅರಮನೆಯಿಂದ ಹೊರಟವಳು. ನಮ್ಮ ಅಜ್ಜಿ ಹುಣ್ಣಿಮೆ ರಾತ್ರಿ ಆಗುತ್ತಿದ್ದದ್ದು ಆ ಸಿರಿ. ಹಗಲಿನಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದವಳು.

ಏಳನೇ ದಿನ: ಚಿಲ್‌ಮೊರಿದಾಂಗ್

ಗಾಳಿಯ ಅಜ್ಜಿಯನ್ನು ಕಳಿಸಿಕೊಡುವ ದಿನ. ಜೇಜು ನಗರದಲ್ಲಿ ಬಂದರಿನ ಮೇಲಿನ ಸಾರಾಬೋಂಗ್ ಗುಡ್ಡ. ಅಲ್ಲಿ ಮೂರು ಕಲ್ಲುಗಳ ಸ್ಥಾನ, ಚಿಲ್‌ಮೊರಿದಾಂಗ್. ಇಲ್ಲಿನ ಗಾಳಿದೇವಿಯ ಗುತ್ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕ್ಯಾಮೆರಾ ಹಿಡಿದವರು, ಶಾಲೆಯ ಮಕ್ಕಳು ಎಲ್ಲ ಇದ್ದರು. ಆದರೆ ಮುಂದಿನ ಚಾಪೆಯ ಮೇಲೆ ಕುಳಿತವರು ಬೇರೆ. ಎಪ್ಪತ್ತು, ಎಂಬತ್ತು ವರ್ಷದ ಹೆಂಗಸರು. ಸುಕ್ಕು ಮುಖ, ಅಗಲ ಭುಜ. ಅವರು ಹೇನ್ಯೊ, ಸಮುದ್ರದ ಹೆಂಗಸರು.

ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಹತ್ತು ಮೀಟರ್ ಆಳಕ್ಕೆ ಮುಳುಗಿ ಚಿಪ್ಪುಮೀನು, ಶಂಖ ಕೀಳುವವರು. ಮೇಲೆ ಬಂದ ಕೂಡಲೇ ಬಿಡುವ ಉಸಿರು ಸಿಳ್ಳೆಯ ಹಾಗೆ ಕೇಳುತ್ತದೆ. ಅದಕ್ಕೆ ಸುಂಬಿಸೊರಿ ಎಂದೇ ಹೆಸರಿದೆ. 1970ರಲ್ಲಿ 14,000ಕ್ಕೂ ಹೆಚ್ಚು ಹೇನ್ಯೊಗಳಿದ್ದರು. ಈಗ 3,000ಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು 60 ದಾಟಿದವರು. "ಸತ್ತವರ ಲೋಕದಲ್ಲಿ ದುಡಿದು ಈ ಲೋಕದಲ್ಲಿ ಉಣ್ಣುತ್ತೇವೆ" ಎಂಬುದು ಅವರ ಮಾತು. ಗುತ್ ಅವರಿಗೆ ಪ್ರದರ್ಶನವಲ್ಲ. ಮುಂದಿನ ತಿಂಗಳು ಮತ್ತೆ ಅದೇ ನೀರಿಗೆ ಇಳಿಯಬೇಕು.

ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯಿತು. ದೇವರುಗಳನ್ನು ಹೆಸರು ಹಿಡಿದು ಕರೆದರು. ದ್ವೀಪದಲ್ಲಿ 18,000 ದೇವರುಗಳಿದ್ದಾರೆ ಎಂದು ಮಾತು. ಸಮುದ್ರರಾಜ ಬರುವ ದಾರಿಯನ್ನು ಬಿದಿರು ನೆಟ್ಟು ಮಾಡಿದರು. ಕಲ್ಲು ಮುಳ್ಳು ತೆಗೆದಂತೆ ಅಭಿನಯಿಸಿ ಗುಡಿಸಿದರು. ನಡುವೆ ಹಾಡು, ಕುಣಿತ, ನಗು. ಅಜ್ಜಿಯಂದಿರು ಎದ್ದು ಕುಣಿದರು. ಒಬ್ಬರು ನನ್ನ ಕೈ ಹಿಡಿದು ಎಬ್ಬಿಸಿದರು. ಆ ಕೈ ಎಷ್ಟು ಗಟ್ಟಿ ಅಂದರೆ ಬೇಡ ಅನ್ನಲು ಆಗುವುದಿಲ್ಲ.

ಆಮೇಲೆ ಬಿತ್ತನೆ. ನವಣೆಯಂಥ ಸಣ್ಣ ಕಾಳನ್ನು ಸಮುದ್ರದ ಬೀಜವೆಂದು ಎರಚಿದರು. ಚಾಪೆಯ ಮೇಲೂ ಚೆಲ್ಲಿ ಶಕುನ ನೋಡಿದರು. ಕಾಳು ಎಲ್ಲಿ ಒತ್ತಾಗಿ ಬಿತ್ತೋ ಆ ಕಡೆಯ ಸಮುದ್ರದಲ್ಲಿ ಈ ವರ್ಷ ಶಂಖ, ಚಿಪ್ಪು ಹೆಚ್ಚು. ಹೇನ್ಯೊಗಳೆಲ್ಲ ಚಾಪೆ ಸುತ್ತ ಬಗ್ಗಿ ನೋಡಿದರು. ಒಬ್ಬರು ಒಂದು ಮೂಲೆ ತೋರಿಸಿದರು, ಇನ್ನೊಬ್ಬರು ಅಲ್ಲ ಅಂದರು. ಸ್ವಲ್ಪ ಹೊತ್ತು ದೊಡ್ಡ ಚರ್ಚೆ.

ಕೊನೆಗೆ ಬಿಳಿ ಹಾಳೆಗಳು ಬಂದವು. ಹಾಳೆಯಲ್ಲಿ ಅನ್ನ, ತಿನಿಸು ಇಟ್ಟು ಗಂಟು ಕಟ್ಟಿ ಸಮುದ್ರಕ್ಕೆ ಬಿಡುತ್ತಾರೆ. ಒಂದು ಸಮುದ್ರರಾಜನಿಗೆ. ಒಂದು ನೀರಿನಲ್ಲಿ ಸತ್ತವರಿಗೆ. ಒಂದು ತಮಗೆ. ನನ್ನ ಕೈ ಹಿಡಿದಿದ್ದ ಅಜ್ಜಿ ಕಟ್ಟುತ್ತಾ ಯಾರದೋ ಹೆಸರು ಮೆಲ್ಲಗೆ ಹೇಳಿಕೊಂಡರು. ಗೆಳತಿ ಆ ಮಾತನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಂದರಿಗೆ ಇಳಿದೆವು. ಹುಲ್ಲಿನ ಚಿಕ್ಕ ದೋಣಿಯಲ್ಲಿ ಎಡೆ ತುಂಬಿ, ಅದನ್ನು ನಿಜವಾದ ದೋಣಿಯಲ್ಲಿ ದೂರಕ್ಕೆ ಒಯ್ದು ನೀರಿಗೆ ಬಿಟ್ಟರು. ದಂಡೆಯಲ್ಲಿ ಗಾಳಿ ಇನ್ನೂ ಬೀಸುತ್ತಲೇ ಇತ್ತು. ನನ್ನ ಕೈ ಹಿಡಿದಿದ್ದ ಆ ಅಜ್ಜಿ ಒಂದು ಹಾಳೆ ಉಳಿದಿದೆ ಎಂದು ನನ್ನ ಕಡೆ ಚಾಚಿದರು. ಒಂದು ಹಿಡಿ ಅನ್ನವನ್ನೂ ಹಾಕಿದರು. ನಾನು ಅದನ್ನು ಎದೆಗೆ ಒತ್ತಿಕೊಂಡೆ. ಕನ್ನಡದಲ್ಲಿ ಅಲ್ಲ, ನನ್ನ ಅಜ್ಜಿಯ ತುಳುವಿನಲ್ಲಿ, ನನಗೆ ಬರುವಷ್ಟು ಹೇಳಿದೆ. ಗಂಟು ಕಟ್ಟಿ ಎಸೆದೆ. ಅದು ಕೂಡಲೇ ಮುಳುಗಲಿಲ್ಲ. ಎರಡು ಅಲೆ ದಾಟಿ, ಬಿಳಿಯಾಗಿ, ಸ್ವಲ್ಪ ದೂರ ಹೋಯಿತು.

ತಿರುಗಿ ನೋಡಿದರೆ ಹೆಂಗಸರು ಆಗಲೇ ಬುಟ್ಟಿ, ಮಡಕೆ ಜೋಡಿಸಿಕೊಳ್ಳುತ್ತಿದ್ದರು.